ಕೆಳಗಿನ ಆರು ಹೋಲ್‌ಗಳು

ಸೆಪ್ಟೆಂಬರ್ 8, ಸೋಮವಾರ

ನಮ್ಮ ಗಾಲ್ಫ್ ಮೈದಾನದ ಮೇಸ್ತ್ರಿಗಳ ತೊಡೆಮೂಳೆ ಮುರಿದಿದೆ. ಬೆಳಿಗ್ಗೆ ಆರೂವರೆಗೆ ಒಂಬತ್ತನೆಯ ಹೋಲ್‌ನ ಇಳಿಜಾರಿನಲ್ಲಿ ಒದ್ದೆ ಎಲೆಗಳ ಮೇಲೆ ಕಾಲಿಟ್ಟು ಜಾರಿದರು. ಆಂಬುಲೆನ್ಸ್ ಬರುವವರೆಗೆ ಅವರ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಅಷ್ಟು ನೋವಿನಲ್ಲೂ, "ಮೂರನೇ ಗ್ರೀನ್ ಇವತ್ತು ಕತ್ತರಿಸ್ಬೇಡ, ನೆಲ ಮೆತ್ತಗಿದೆ" ಎಂದರು.

ಮಧ್ಯಾಹ್ನ ಕ್ಲಬ್ಬಿನ ಕಾರ್ಯದರ್ಶಿ ಕರೆಸಿದರು. ಈ ಗಾಲ್ಫ್ ಮೈದಾನದಲ್ಲಿ ಹುಲ್ಲು ಕತ್ತರಿಸಲು ಸೇರಿ ಹತ್ತೊಂಬತ್ತು ವರ್ಷವಾಯಿತು. ಅವರ ಕೋಣೆಯೊಳಗೆ ಕಾಲಿಟ್ಟದ್ದು ಇದು ಮೂರನೆಯ ಸಲ.

"ಹೊಸಬರು ಯಾರಾದ್ರೂ ಸಿಗೋವರೆಗೆ ನೀವು ನೋಡ್ಕೊಳ್ಳಿ. ತಾತ್ಕಾಲಿಕ ಅಷ್ಟೆ. ಏನಿದ್ರೂ ಮೇಸ್ತ್ರಿಗಳನ್ನ ಫೋನಲ್ಲಿ ಕೇಳಿ" ಎಂದರು.

ನವೆಂಬರ್ ಹದಿನೈದು, ಹದಿನಾರಕ್ಕೆ ಮಹಿಳಾ ತಂಡಗಳ ಫೈನಲ್ ನಮ್ಮಲ್ಲೇ ನಡೆಯುವುದಿದೆ. ಇನ್ನು ಹತ್ತು ವಾರ. ಅಷ್ಟರೊಳಗೆ ಹೊಸಬರು ಬಂದೇ ಬರುತ್ತಾರೆ. ಮೇಸ್ತ್ರಿಗಳು ಬಿಟ್ಟುಹೋದ ಹಾಗೇ ಇಟ್ಟು ಅವರ ಕೈಗೆ ಒಪ್ಪಿಸಿದರೆ ನನ್ನ ಕೆಲಸ ಮುಗಿಯಿತು.

ಮನೆಯಲ್ಲಿ ಹೇಳಿದೆ. "ಒಳ್ಳೇದಾಯ್ತು ಬಿಡು" ಎಂದು ಇವರು ತಮ್ಮ ಬ್ಯಾಗಿಗೆ ಬಟ್ಟೆ ತುಂಬಿಕೊಂಡರು. ನಾಳೆಯಿಂದ ಇವರಿಗೆ ದೂರದ ಮಾರ್ಗದ ಬಸ್ಸಿನ ಕೆಲಸ, ವಾರಕ್ಕೆ ಎರಡು ದಿನ ಮಾತ್ರ ಮನೆ. ಮಾವ ತಲೆ ಎತ್ತಲಿಲ್ಲ. ಎದ್ದುಹೋಗಿ, ನಾನು ಆಗಷ್ಟೇ ನಿಲ್ಲಿಸಿದ್ದ ಅಡುಗೆಮನೆಯ ನಲ್ಲಿಯನ್ನು ಇನ್ನೊಂದು ಸುತ್ತು ಬಿಗಿ ಮಾಡಿ ಬಂದರು.

ಸೆಪ್ಟೆಂಬರ್ 11, ಗುರುವಾರ

ಮೂರು ದಿನದಿಂದ ಬಿಡದೆ ಮಳೆ. ಆಸ್ಪತ್ರೆಗೆ ಫೋನ್ ಮಾಡಿದೆ. ಮೇಸ್ತ್ರಿಗಳು ಪಟ್ಟಿ ಹೇಳಿದರು, ಬರೆದುಕೊಂಡೆ, ಬರೆದುಕೊಂಡಂತೆಯೇ ಮಾಡಿದೆವು. ಆಟದ ಹದಿನೆಂಟು ಹಂತಗಳಿಗೆ ಹದಿನೆಂಟು ಹೋಲ್‌ಗಳು. ಮೇಲಿನ ಹನ್ನೆರಡಕ್ಕೆ ಏನೂ ತೊಂದರೆಯಿಲ್ಲ, ಅವು ದಿನ್ನೆಯ ಮೇಲಿವೆ. ಹನ್ನೊಂದರಿಂದ ಹದಿನಾರರವರೆಗಿನ ಆರು ಹೋಲ್‌ಗಳು ಹಳ್ಳದ ಪಕ್ಕದ ತಗ್ಗಿನಲ್ಲಿವೆ. ಹದಿನಾಲ್ಕನೆಯ ಗ್ರೀನ್ ಮೇಲೆ, ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ, ಇವತ್ತು ಪಾದ ಮುಳುಗುವಷ್ಟು ನೀರು. ಉದ್ದ ಹಿಡಿಕೆಯ ರಬ್ಬರ್ ಪಟ್ಟಿ ಹಿಡಿದು ನಾಲ್ವರು ತಳ್ಳಿದೆವು. ತಳ್ಳಿದ ನೀರು ಸುತ್ತು ಹಾಕಿಕೊಂಡು ಬಂದು ನಮ್ಮ ಹಿಂದೆಯೇ ನಿಂತಿತು.

"ಅಕ್ಕ, ನಾವು ಹುಲ್ಲು ಬೆಳೀತಿದ್ದೀವೋ ಮೀನು ಸಾಕ್ತಿದ್ದೀವೋ?" ಎಂದು ಕೇಳಿದ, ನಾವೆಲ್ಲ ಗಡ್ಡ ಎಂದು ಕರೆಯುವ ಕೆಲಸಗಾರ. ಎಲ್ಲರೂ ನಕ್ಕರು. ನಾನು ನಗಬೇಕೋ ಗದರಬೇಕೋ ತಿಳಿಯದೆ ಮತ್ತೆ ನೀರು ತಳ್ಳತೊಡಗಿದೆ. ಮೇಸ್ತ್ರಿಗಳಿದ್ದಿದ್ದರೆ ಏನು ಮಾಡುತ್ತಿದ್ದರು?

ಸೆಪ್ಟೆಂಬರ್ 19, ಶುಕ್ರವಾರ

ಮಳೆ. ಎಲೆ. ಒದ್ದೆ ಎಲೆಗಳು ಹುಲ್ಲಿಗೆ ಅಂಟಿಸಿದ ಕಾಗದದಂತೆ ಕೂತಿವೆ, ಊದುವ ಯಂತ್ರಕ್ಕೂ ಏಳುವುದಿಲ್ಲ. ಏಳು ಜನ ಇಡೀ ದಿನ ಕೈಯಲ್ಲೇ ಬಳಿದೆವು. ಬೆನ್ನು ಬೆನ್ನಾಗಿ ಉಳಿದಿಲ್ಲ.

ಮನೆಗೆ ಬಂದರೆ ಮಾವ, "ಸ್ನಾನದ ಮನೆ ಪೈಪ್ ತೊಟ್ಟಿಕ್ತಿದೆ" ಎಂದರು. ಜೂನ್‌ನಲ್ಲಿ ನಮ್ಮ ಮನೆಗೆ ಬಂದಂದಿನಿಂದ ಅವರು ನನ್ನೊಂದಿಗೆ ಆಡಿದ ಮಾತುಗಳಲ್ಲಿ ಅರ್ಧ ಉಪ್ಪಿನ ಬಗ್ಗೆ, ಅರ್ಧ ನಲ್ಲಿಯ ಬಗ್ಗೆ. ಮೂವತ್ತೊಂದು ವರ್ಷ ನಗರದ ನೀರು ಸರಬರಾಜಿನಲ್ಲಿ ದುಡಿದವರು. ರಸ್ತೆಯಡಿಯ ಪೈಪ್ ಎಲ್ಲಿ ಸೋರುತ್ತಿದೆ ಎಂದು ಹುಡುಕುವುದೇ ಅವರ ಕೆಲಸವಾಗಿತ್ತು. ಈಗ ಸೋರಿಕೆ ಹುಡುಕಲು ಉಳಿದಿರುವುದು ನನ್ನ ಮನೆ ಒಂದೇ. "ಭಾನುವಾರ ನೋಡೋಣ ಮಾವ" ಎಂದೆ. ಸ್ವರ ಸ್ವಲ್ಪ ಗಡುಸಾಯಿತು.

ಸೆಪ್ಟೆಂಬರ್ 26, ಶುಕ್ರವಾರ

ಸಮಿತಿಯವರು ಹೊರಗಿನಿಂದ ಒಬ್ಬ ತಜ್ಞರನ್ನು ಕರೆಸಿದ್ದರು. ಮರ್ಯಾದಸ್ಥ ಮನುಷ್ಯ, ಬೂಟು ಮಾತ್ರ ತೀರ ಹೊಸದು. ಹದಿಮೂರನೆಯ ಹೋಲ್‌ನ ಫೇರ್‌ವೇಯಲ್ಲಿ, ಅಂದರೆ ಮೊದಲ ಹೊಡೆತದ ದಿಬ್ಬದಿಂದ ಗ್ರೀನ್‌ವರೆಗಿನ ಉದ್ದನೆಯ ಹುಲ್ಲುಹಾದಿಯಲ್ಲಿ, ಕಬ್ಬಿಣದ ಕೊಳವೆ ಊರಿ ಮಣ್ಣು ಎತ್ತಿದರು. ಕಪ್ಪು ಮಣ್ಣು, ಕೊಳೆತ ಮೊಟ್ಟೆಯ ವಾಸನೆ.

"ಈ ನೆಲ ಉಸಿರು ಕಟ್ಟಿ ಸತ್ತಿದೆ. ಕೆಳಗಿನ ಆರನ್ನ ಮರೆತುಬಿಡಿ" ಎಂದು ಕಾರ್ಯದರ್ಶಿಗೆ ಹೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಸಂಜೆ ಕಾರ್ಯದರ್ಶಿ ನನ್ನನ್ನು ಕರೆದು ವಿಷಯ ತಿಳಿಸಿದರು. ಫೈನಲ್‌ಗೆ ಹದಿನೆಂಟೂ ಹೋಲ್‌ಗಳು ಸಿದ್ಧವಾಗದಿದ್ದರೆ ಪಂದ್ಯ ಬೇರೆ ಕ್ಲಬ್ಬಿಗೆ ಹೋಗುತ್ತದೆ. ಕೆಳಗಿನ ಆರನ್ನು ಶಾಶ್ವತವಾಗಿ ಮುಚ್ಚುತ್ತಾರೆ. ಆಗ ನಾಲ್ಕು ಜನ ಕೆಲಸಗಾರರು ಸಾಕು.

ನಾವು ಏಳು ಜನ. ಬೆಳಿಗ್ಗೆ ಶೆಡ್ಡಿನಲ್ಲಿ ಚಹಾ ಕುಡಿಯುವಾಗ ಅವರ ಮುಖ ಹೇಗೆ ನೋಡಲಿ?

ಅಕ್ಟೋಬರ್ 1, ಬುಧವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಹದಿನಾಲ್ಕನೆಯ ಗ್ರೀನ್‌ಗೆ ಮರಳು ಸಾಗಿಸಬೇಕಿತ್ತು. ಮೇಸ್ತ್ರಿಗಳಿಗೆ ಫೋನ್ ಮಾಡಿದೆ. "ಟ್ರ್ಯಾಕ್ಟರ್ ಇಳಿಸು. ಪ್ರತಿ ವರ್ಷ ನಾನು ಇಳಿಸ್ತೀನಲ್ಲ" ಎಂದರು. ಟ್ರ್ಯಾಕ್ಟರ್ ಓಡಿಸುವವನಿಗೆ ನಾವು ಗುಡುಗು ಎನ್ನುತ್ತೇವೆ, ಅವನ ಪಿಸುಮಾತೂ ಮೂರು ಹೋಲ್‌ ಆಚೆಗೆ ಕೇಳುತ್ತದೆ. ಇವತ್ತು ಅವನೇ ಮೆಲ್ಲಗೆ, "ಅಕ್ಕ, ನೆಲ ತಡೆಯಲ್ಲ" ಎಂದ. ನನ್ನ ಕಾಲಿಗೂ ಅದೇ ಗೊತ್ತಾಗುತ್ತಿತ್ತು. ಆದರೂ "ಮೇಸ್ತ್ರಿಗಳು ಹೇಳಿದ್ದಾರೆ" ಎಂದು ಇಳಿಸಿದೆ.

ಹದಿಮೂರನೆಯ ಫೇರ್‌ವೇಯ ನಡುವೆ ಗಾಲಿ ಅರ್ಧಕ್ಕಿಂತ ಹೆಚ್ಚು ಹೂತುಹೋಯಿತು. ಹಲಗೆ ಕೊಟ್ಟು, ಹಗ್ಗ ಕಟ್ಟಿ, ನಾಲ್ಕು ಗಂಟೆ ಎಳೆದೆವು. ಟ್ರ್ಯಾಕ್ಟರ್ ಹೊರಗೆ ಬಂತು. ಉಳಿದದ್ದು ಅರವತ್ತು ಹೆಜ್ಜೆ ಉದ್ದದ, ಮೊಣಕಾಲು ಆಳದ ಎರಡು ಗಾಯ.

ಕಾರ್ಯದರ್ಶಿ ಕೊಡೆ ಹಿಡಿದು ಬಂದರು. "ಯಾರು ಹೇಳಿದ್ದು ಇಳಿಸೋಕೆ?"

ಗುಡುಗು ಬಾಯಿ ತೆರೆದ. ಅವನಿಗಿಂತ ಮೊದಲು ನಾನು, "ನಾನು ಹೇಳಿದ್ದು" ಎಂದೆ. ಮೇಸ್ತ್ರಿಗಳ ಹೆಸರು ಎತ್ತಲಿಲ್ಲ. ಫೋನ್ ಹಿಡಿದವರು ಆಸ್ಪತ್ರೆಯಲ್ಲಿದ್ದರು, ನೆಲದ ಮೇಲೆ ನಿಂತವಳು ನಾನು.

ಯಂತ್ರಗಳ ಶೆಡ್ಡಿನ ಹಿಂದೆ ನಿಂತು ಚೆನ್ನಾಗಿ ಅತ್ತೆ. ಆಮೇಲೆ ಮುಖ ತೊಳೆದುಕೊಂಡು ಹಲಗೆಗಳನ್ನು ಎಣಿಸಿ ಒಳಗಿಟ್ಟೆ.

ಅಕ್ಟೋಬರ್ 3, ಶುಕ್ರವಾರ

ಇವತ್ತು ಒಂದು ವಿಚಿತ್ರ ನಡೆಯಿತು.

ಊಟಕ್ಕೆ ನಾನೂ ಮಾವನೂ ಇಬ್ಬರೇ. ನನ್ನ ಮುಖ ನೋಡಿ ಏನನ್ನಿಸಿತೋ, "ಅದೇನಮ್ಮ, ಗ್ರೀನು ಗ್ರೀನು ಅಂತೀಯಲ್ಲ?" ಎಂದರು. ನಾಲ್ಕು ತಿಂಗಳಲ್ಲಿ ನನ್ನ ಕೆಲಸದ ಬಗ್ಗೆ ಅವರು ಕೇಳಿದ ಮೊದಲ ಪ್ರಶ್ನೆ.

"ಚೆಂಡನ್ನ ಗುಳಿಗೆ ಉರುಳಿಸೋ ಜಾಗ ಮಾವ. ಹುಲ್ಲು ಅಂಗೈಯಷ್ಟು ನುಣುಪಾಗಿರ್ಬೇಕು."

"ಅದರ ಮೇಲೆ ನೀರು ನಿಲ್ತಿದೆಯಾ?"

ಕೇಳಿದ್ದೇ ತಡ, ಎಲ್ಲವನ್ನೂ ಹೇಳಿಬಿಟ್ಟೆ. ತಜ್ಞರು, ಟ್ರ್ಯಾಕ್ಟರು, ನಾಲ್ಕು ಜನ, ಏಳು ಜನ. ಕೊನೆಗೆ ಸುಮ್ಮನೆ ಮಾತಿಗೆ, "ಎರಡು ದಿನದಿಂದ ಆ ಗಾಲಿ ಗುಂಡಿಗಳಲ್ಲಿ ನೀರು ತುಂಬಿ ನಿಂತಿದೆ. ನಡುವೆ ಒಂದೆರಡು ಹೆಜ್ಜೆ ಜಾಗ ಮಾತ್ರ ಒಣಗಿದೆ, ಅದ್ಯಾಕೋ" ಎಂದೆ.

ಮಾವ ಚಮಚ ಕೆಳಗಿಟ್ಟರು. "ಎರಡೂ ಗುಂಡಿಯಲ್ಲೂ?"

"ಹೂಂ."

"ಎದುರುಬದುರಾ?"

"ಹೌದು ಮಾವ, ಎದುರುಬದುರಾಗೇ."

"ಹಂಗಾದ್ರೆ ಅಲ್ಲಿ ಅಡ್ಡಡ್ಡ ಪೈಪ್ ಹೋಗಿದೆ. ಯಾರೋ ಹಿಂದಿನವರು ಹಾಕಿದ್ದು. ನೀರು ಅದರೊಳಗೆ ಇಳೀತಿದೆ." ಎದ್ದು ಕೋಣೆಗೆ ಹೋದರು. ಮಂಚದಡಿಯಿಂದ ಏನೋ ಎಳೆಯುವ ಸದ್ದು. ಬಾಗಿಲಲ್ಲಿ ನಿಂತಾಗ ಕೈಯಲ್ಲಿ ಎದೆಯೆತ್ತರದ ಉಕ್ಕಿನ ಸರಳು, ಮೇಲೆ ಅಡ್ಡ ಹಿಡಿಕೆ. "ಭಾನುವಾರ ನಿಮ್ಮಲ್ಲಿ ರಜವಾ?"

ಅಕ್ಟೋಬರ್ 5, ಭಾನುವಾರ

ಮೊಣಕಾಲವರೆಗೆ ಪ್ಯಾಂಟು ಮಡಚಿ, ಇವರ ಹಳೆಯ ಮಳೆಕೋಟು ತೊಟ್ಟು, ಎಪ್ಪತ್ತೊಂದರ ಮಾವ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ಹದಿಮೂರನೆಯ ಹೋಲ್‌ನಲ್ಲಿ ಸರಳು ಊರಿದರು. ಊರಿದಾಗ ಕೈಗೆ ಬರುವ ಅದುರೇ ಅವರಿಗೆ ಸಾಕು. "ಇದು ಕಲ್ಲು. ಇದೂ ಕಲ್ಲು. ಇದು ಬೇರು. ಇದು... ಬಾ ಇಲ್ಲಿ, ಹಿಡ್ಕೋ." ನನ್ನ ಕೈಯನ್ನು ಹಿಡಿಕೆಯ ಮೇಲಿಟ್ಟರು. ಕಲ್ಲಿಗೆ ತಾಗಿದರೆ ಕೈ ಜುಮ್ಮೆನ್ನುತ್ತದೆ. ಇದು ಹಾಗಲ್ಲ, ಮಡಕೆ ತಟ್ಟಿದಂತೆ ಟೊಕ್ ಎಂದು ಒಳಗೆ ಪೊಳ್ಳು. ಹತ್ತು ಸಲ ಊರಿದ ಮೇಲೆ ನನಗೂ ವ್ಯತ್ಯಾಸ ತಿಳಿಯಿತು. ಹನ್ನೊಂದನೆಯ ಸಲ ನಾನೇ ಮೊದಲು "ಪೈಪ್!" ಎಂದೆ.

ಸಿಕ್ಕ ಕಡೆಯಲ್ಲೆಲ್ಲ ಗೂಟ ನೆಟ್ಟೆವು. ನಲವತ್ತಮೂರು ಗೂಟ, ದಾರ ಹಿಡಿದಂತೆ ನೇರ ಸಾಲು. ಒಂದು ಕಡೆ ಅಗೆದು ನೋಡಿದರೆ, ತೋಳಿನ ಆಳದಲ್ಲಿ ಸುಟ್ಟ ಮಣ್ಣಿನ ಕೊಳವೆ. ಇನ್ನೂ ಗಟ್ಟಿಯಾಗಿದೆ. ಮಾವ ಒಂದು ಬಕೆಟ್ ಕೆಂಪು ಬಣ್ಣದ ನೀರು ಅದರೊಳಗೆ ಸುರಿದು ನನ್ನನ್ನು ಹಳ್ಳದ ದಡಕ್ಕೆ ಓಡಿಸಿದರು. ಅರ್ಧ ಗಂಟೆ ಕಾದೆ. ಹಳ್ಳದಲ್ಲಿ ಕೆಂಪು ಕಾಣಲಿಲ್ಲ.

"ಒಳಗೆ ಹೋಗ್ತಿದೆ, ಹೊರಗೆ ಬರ್ತಿಲ್ಲ. ಬಾಯಿ ಮುಚ್ಚಿದೆ" ಎಂದರು. ಅವರ ಮುಖ ನೋಡಬೇಕಿತ್ತು. ತುಟಿಯಲ್ಲಿ ನಗುವಿಲ್ಲ, ಆದರೆ ವಯಸ್ಸು ಹತ್ತು ವರ್ಷ ಇಳಿದಿತ್ತು.

ಅಕ್ಟೋಬರ್ 8, ಬುಧವಾರ

ಏಳೂ ಜನ ಅಗೆದೆವು. ಆರು ಕಡೆ ಕೊಳವೆ ಬಿಚ್ಚಿ ಬೇರು ಎಳೆದೆವು. ಒಂದೊಂದು ಬೇರು ಜಡೆಯಂತೆ ಹೆಣೆದುಕೊಂಡು ಎರಡು ಮಾರು ಉದ್ದ. ಗಡ್ಡ ಒಂದನ್ನು ತನ್ನ ಗಡ್ಡದ ಪಕ್ಕ ಹಿಡಿದು, "ಅಣ್ಣತಮ್ಮ" ಎಂದ. ನಾನೂ ನಕ್ಕೆ.

ಆದರೆ ಗೂಟದ ಸಾಲು ಹೋಗಿ ಮುಟ್ಟುವುದು ಹದಿನಾಲ್ಕನೆಯ ಹೋಲ್‌ನ ದಿಬ್ಬಕ್ಕೆ, ಆಟಗಾರರು ನಿಂತು ಮೊದಲ ಹೊಡೆತ ಹೊಡೆಯುವ ಜಾಗಕ್ಕೆ. ಕೊಳವೆಯ ಬಾಯಿ ಅದರಡಿ ಎಲ್ಲೋ ಇದೆ. ಅದು ಮೇಸ್ತ್ರಿಗಳ ದಿಬ್ಬ. ಹನ್ನೊಂದು ವರ್ಷದ ಹಿಂದೆ ಒಂದೊಂದು ಕಲ್ಲನ್ನೂ ತಾವೇ ಆಯ್ದು ಕಟ್ಟಿದ್ದು. ಸದಸ್ಯರೆಲ್ಲ ಅಲ್ಲೇ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಅಕ್ಟೋಬರ್ 9, ಗುರುವಾರ

ಮೇಸ್ತ್ರಿಗಳಿಗೆ ಫೋನ್ ಮಾಡಿದೆ.

"ದಿಬ್ಬ ಮುಟ್ಟಬೇಡ" ಎಂದರು. "ನಿನ್ನ ಮಾವ ಯಾರು ನನ್ನ ಮೈದಾನ ಅಗೆಯೋಕೆ? ಹತ್ತೊಂಬತ್ತು ವರ್ಷ ನಾನು ಹೇಳ್ಕೊಟ್ಟಿದ್ದು ಇದಾ?"

"ಅಣ್ಣ, ನಿಮ್ಮನ್ನ ಕೇಳೋಕೆ ಫೋನ್ ಮಾಡಿಲ್ಲ, ತಿಳಿಸೋಕೆ ಮಾಡಿದೆ. ಬೇರೆ ಯಾರ ಬಾಯಿಂದಲೋ ನಿಮಗೆ ಗೊತ್ತಾಗಬಾರದು ಅಂತ."

ಅವರೇ ಫೋನ್ ಇಟ್ಟರು.

ಆಮೇಲೆ ಕಾರ್ಯದರ್ಶಿಯನ್ನು ಕಂಡು, ದಿಬ್ಬದ ಒಂದು ಮಗ್ಗುಲು ಒಡೆಯಬೇಕು ಎಂದೆ. ಸಮಿತಿಯ ಸಭೆ ಇಪ್ಪತ್ತಕ್ಕಿದೆ, ಅಲ್ಲಿಯವರೆಗೆ ಕಾಯಿರಿ ಎಂದರು. ಇಪ್ಪತ್ತಕ್ಕೆ ಒಡೆದರೆ ಫೈನಲ್ ಹೊತ್ತಿಗೆ ಹುಲ್ಲು ಬೇರು ಹಿಡಿಯುವುದಿಲ್ಲ ಎಂದೆ.

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಹೊಣೆ ಯಾರದು?"

"ನನ್ನದು. ಬೇಕಿದ್ರೆ ಬರೆದುಕೊಡ್ತೀನಿ."

ಬರೆದುಕೊಟ್ಟೆ. ಎರಡೇ ಸಾಲು. ಓದಿ, ನನ್ನನ್ನೊಮ್ಮೆ ನೋಡಿ, ಡ್ರಾಯರಿನಲ್ಲಿಟ್ಟರು. ಬೇಡ ಎನ್ನಲಿಲ್ಲ.

ಅಕ್ಟೋಬರ್ 14, ಮಂಗಳವಾರ

ಬಂತು! ನೀರು ಬಂತು!

ನಿನ್ನೆಯಿಂದ ದಿಬ್ಬದ ಹಳ್ಳದ ಕಡೆಯ ಮಗ್ಗುಲನ್ನು ಬಿಚ್ಚುತ್ತಿದ್ದೆವು. ಕಲ್ಲುಗಳಿಗೆ ಸುಣ್ಣದಲ್ಲಿ ಸಂಖ್ಯೆ ಬರೆದು ಒಂದೊಂದಾಗಿ ಪಕ್ಕಕ್ಕಿಡಿಸಿದೆ. ಮತ್ತೆ ಕಟ್ಟುವಾಗ ಮೇಸ್ತ್ರಿಗಳ ಕಲ್ಲು ಮೇಸ್ತ್ರಿಗಳ ಜಾಗದಲ್ಲೇ ಇರಬೇಕು. ಇವತ್ತು ಹನ್ನೊಂದು ಗಂಟೆಗೆ ಮಾವನ ಸರಳು ಯಾವುದಕ್ಕೋ ತಾಗಿತು. ಕಲ್ಲು ಹಾಸಿ ಕಟ್ಟಿದ ಒಂದು ಬಾಯಿ, ಒಳಗೆ ಇಟ್ಟಿಗೆ ಚೂರು, ಜೇಡಿಮಣ್ಣು ಗಿಡಿದು ತುಂಬಿತ್ತು. ಗಡ್ಡ ಕೆಳಗೆ ನಿಂತು ಹಾರೆಯಿಂದ ಕುಟ್ಟತೊಡಗಿದ.

"ಪಕ್ಕಕ್ಕೆ ನಿಂತು ಹೊಡಿಯಪ್ಪ" ಎಂದು ಮಾವ ಮೂರು ಸಲ ಹೇಳಿದರು. ನಾಲ್ಕನೆಯ ಸಲ ಹೇಳಬೇಕಾಗಲಿಲ್ಲ. ಒಳಗಿನಿಂದ ಗೊಳ್ ಎಂದು ಸದ್ದಾಯಿತು. ಮರುಕ್ಷಣ ಕಪ್ಪು ನೀರು ಗೂಳಿಯಂತೆ ನುಗ್ಗಿ ಗಡ್ಡನನ್ನು ಎತ್ತಿ ಹಳ್ಳದೊಳಗೆ ಕೂರಿಸಿತು. ವಾಸನೆ ಹೇಳತೀರದು. ಅವನು ಸೊಂಟದವರೆಗಿನ ನೀರಿನಲ್ಲಿ ಕೂತು ಎರಡೂ ಕೈ ಮೇಲೆತ್ತಿದ. ಗುಡುಗು ಹಾಕಿದ ಕೇಕೆಗೆ ಕ್ಲಬ್ಬಿನ ಕಟ್ಟಡದಿಂದ ಜನ ಹೊರಗೆ ಬಂದರು.

ಮಾವ ಗಡಿಯಾರ ನೋಡುತ್ತ ನಿಂತರು. ಹತ್ತು ನಿಮಿಷ, ಇಪ್ಪತ್ತು, ನಲವತ್ತು. ಕಪ್ಪು ಹೋಗಿ ಕಂದು ಬಂತು, ಕಂದು ಹೋಗಿ ತಿಳಿಯಾಯಿತು. ಮೂರು ಗಂಟೆಗೆ ಹದಿನಾಲ್ಕನೆಯ ಗ್ರೀನ್ ಮೇಲಿನ ನೀರು ನಾಲ್ಕು ಬೆರಳಷ್ಟು ಇಳಿದು, ನಡುವಿನಿಂದ ಹುಲ್ಲು ತಲೆ ಎತ್ತಿತು. ಹಳದಿಗಟ್ಟಿದೆ, ಕೆಸರು ಮೆತ್ತಿದೆ, ಆದರೆ ಬೆರಳಲ್ಲಿ ಎಳೆದರೆ ಕಿತ್ತುಬರಲಿಲ್ಲ. ಬೇರು ಬದುಕಿದೆ. ಸತ್ತಿಲ್ಲ, ಸತ್ತಿಲ್ಲ ಎಂದು ಎಲ್ಲರಿಗೂ ಹೇಳುತ್ತ ಓಡಾಡಿದೆ.

ಮನೆಗೆ ಬರುವಾಗ ಬಸ್ಸಿನಲ್ಲಿ ನಮ್ಮಿಬ್ಬರ ಪಕ್ಕ ಯಾರೂ ಕೂರಲಿಲ್ಲ. "ಒಳ್ಳೇದೇ ಆಯ್ತು, ಕಾಲು ಚಾಚಬಹುದು" ಎಂದರು ಮಾವ.

ಅಕ್ಟೋಬರ್ 22, ಬುಧವಾರ

ಮಳೆ ನಿಂತಿಲ್ಲ, ಆದರೆ ನೀರು ನಿಲ್ಲುತ್ತಿಲ್ಲ.

ಟ್ರ್ಯಾಕ್ಟರ್ ಕೆಳಗಿಳಿಸುವುದಿಲ್ಲ ಎಂದು ಹೇಳಿಬಿಟ್ಟಿದ್ದೇನೆ. ಹಲಗೆ ಹಾಸಿ, ಕೈಗಾಡಿಯಲ್ಲಿ ಮರಳು. ನಾಲ್ಕು ಹಲ್ಲಿನ ಗುದ್ದಲಿಯಿಂದ ಗ್ರೀನ್ ತುಂಬ ತೂತು ಹೊಡೆದು, ಆ ತೂತುಗಳಿಗೆ ಮರಳು ಗುಡಿಸಿ ತುಂಬುವುದು. ಹೀಗೆ ಮಾಡಿದರೆ ಉಸಿರು ಕಟ್ಟಿದ ನೆಲಕ್ಕೆ ಗಾಳಿ ಸಿಗುತ್ತದೆ. ಆರು ಗ್ರೀನ್. ಏಳು ಜನಕ್ಕೆ ಆಗದ ಕೆಲಸ.

ಮಧ್ಯಾಹ್ನ ನಮ್ಮ ಮಹಿಳಾ ತಂಡದ ನಾಯಕಿ ಬಂದು ನಿಂತರು. ಹಲ್ಲಿನ ವೈದ್ಯೆ, ಐವತ್ತರ ಆಸುಪಾಸು. ಹಿಂದೆ ಎದುರಾದಾಗಲೆಲ್ಲ ಒಂದು ನಮಸ್ಕಾರವಷ್ಟೇ. ಇವತ್ತು ಅಂಗಿಯ ತೋಳು ಮೇಲಕ್ಕೆ ಮಡಚಿ, "ನನಗೊಂದು ಗುದ್ದಲಿ ಕೊಡಿ. ಪಂದ್ಯ ಬೇರೆ ಕಡೆ ಹೋಗೋದು ನನಗೂ ಬೇಡ" ಎಂದರು. ಸ್ವಲ್ಪ ಹೊತ್ತಿಗೆ ಬೆವರು ಒರೆಸಿಕೊಂಡು, "ದಿನವಿಡೀ ಗುಳಿ ತುಂಬೋಳು ನಾನು. ಇಲ್ಲಿ ಬಂದು ಗುಳಿ ತೋಡ್ತಿದ್ದೀನಲ್ಲ!" ಎಂದು ತಾವೇ ಗಟ್ಟಿಯಾಗಿ ನಕ್ಕರು. ನಾಳೆ ಇಡೀ ತಂಡವನ್ನು ಕರೆತರುತ್ತಾರಂತೆ. ಗುದ್ದಲಿ ಆಳಕ್ಕೆ ಹೋಗುತ್ತಿಲ್ಲ, ಹಿಡಿಕೆಯನ್ನು ಹೀಗೆ ಹಿಡಿಯಿರಿ ಎಂದು ತಿದ್ದಿದೆ. ತಿದ್ದಿಕೊಂಡರು.

ಅಕ್ಟೋಬರ್ 23, ಗುರುವಾರ

ಹತ್ತು ಹೆಂಗಸರು, ಹತ್ತು ಗುದ್ದಲಿ. ಮೂರು ಗ್ರೀನ್ ಮುಗಿಯಿತು. ಕೈ ಬೊಬ್ಬೆ ಎದ್ದು ಪೆನ್ನು ಹಿಡಿಯಲಾಗುತ್ತಿಲ್ಲ.

ಅಕ್ಟೋಬರ್ 30, ಗುರುವಾರ

ಹದಿನೈದನೆಯ ಗ್ರೀನ್ ಮೇಲೆ ಬೂಷ್ಟು ರೋಗದ ಬಿಳಿ ಚುಕ್ಕೆಗಳು. ಔಷಧಿ ಹೊಡೆಯಬಹುದು. ಆದರೆ ಈ ಮಳೆಯಲ್ಲಿ ಅದು ತೊಳೆದುಕೊಂಡು ಸೀದಾ ಹಳ್ಳಕ್ಕೆ ಇಳಿಯುತ್ತದೆ. ಅದರ ಬದಲು ದಿನಾ ಬೆಳಕು ಹರಿಯುವ ಮುನ್ನ ಉದ್ದನೆಯ ಬಿದಿರುಕೋಲು ಬೀಸಿ ಹುಲ್ಲಿನ ತುದಿಯ ಇಬ್ಬನಿ ಉದುರಿಸುತ್ತಿದ್ದೇವೆ. ಹುಲ್ಲು ಬೇಗ ಒಣಗಿದರೆ ಬೂಷ್ಟಿಗೆ ನೆಲೆಯಿಲ್ಲ. ಐದು ದಿನ ಕಾದು ನೋಡುವುದು.

ಇವರು ಎರಡು ದಿನಕ್ಕೆ ಮನೆಗೆ ಬಂದಿದ್ದಾರೆ. ಊಟಕ್ಕೆ ಕೂತು ನನ್ನನ್ನೂ ಮಾವನನ್ನೂ ಸರದಿಯಂತೆ ನೋಡಿದರು. "ನೀವಿಬ್ಬರೂ ಹೀಗೆ ಮಾತಾಡೋದು ಯಾವಾಗಿಂದ?" ಎಂದರು. ಹೇಗೆ ಮಾತಾಡುತ್ತಿದ್ದೆವು? ಹದಿನಾರನೆಯ ಹೋಲ್‌ಗೆ ಅಡ್ಡ ಕಾಲುವೆ ಬೇಕೋ ಬೇಡವೋ ಎಂಬ ವಿಚಾರ ಅಷ್ಟೆ.

ನವೆಂಬರ್ 4, ಮಂಗಳವಾರ

ಚುಕ್ಕೆಗಳು ಹೋದವು.

ಸಂಜೆ ಮೇಸ್ತ್ರಿಗಳ ಫೋನ್ ಬಂತು. ಅಂದಿನಿಂದ ಮೊದಲ ಸಲ.

"ಬೂಷ್ಟು ಬಂತಾ?"

"ಬಂತು ಅಣ್ಣ. ಹೋಯ್ತು."

"ದಿಬ್ಬ?"

"ಮತ್ತೆ ಕಟ್ಟಿದ್ದೀವಿ. ನಿಮ್ಮ ಕಲ್ಲೇ, ಅವುಗಳದ್ದೇ ಜಾಗದಲ್ಲಿ. ಕೆಳಗೆ ನೀರು ಹೋಗೋಕೆ ಒಂದು ಕಿಂಡಿ ಮಾತ್ರ ಹೊಸದು."

"ಆ ಬಾಯಿ ನಾನೇ ಮುಚ್ಚಿದ್ದು ತಂಗಿ" ಎಂದರು. "ದಿಬ್ಬ ಕಟ್ಟುವಾಗ ಸಿಕ್ಕಿತ್ತು. ಯಾವುದೋ ಹಾಳು ಚರಂಡಿ ಅಂದ್ಕೊಂಡು ಇಟ್ಟಿಗೆ ಚೂರು ತುಂಬಿದೆ. ಆಮೇಲೆ ಹನ್ನೊಂದು ವರ್ಷ ಕೆಳಗೆ ನೀರು ಯಾಕೆ ನಿಲ್ಲುತ್ತೆ ಅಂತ ತಲೆ ಚಚ್ಚಿಕೊಂಡೆ. ನೀನು ಫೋನ್ ಮಾಡಿದ ದಿನ ನೆನಪಾಯ್ತು. ಒಪ್ಪಿಕೊಳ್ಳೋಕೆ ಇಷ್ಟು ದಿನ ಬೇಕಾಯ್ತು."

"ಅಣ್ಣ, ಫೈನಲ್ ನೋಡೋಕೆ ಬನ್ನಿ. ಮೊದಲ ಸಾಲಲ್ಲಿ ಕುರ್ಚಿ ಹಾಕಿಸ್ತೀನಿ" ಎಂದೆ. ಬೇರೇನು ಹೇಳಲಿ? ಬೈಯುವಂಥದ್ದು ನನ್ನಲ್ಲಿ ಏನೂ ಉಳಿದಿರಲಿಲ್ಲ.

ನವೆಂಬರ್ 14, ಶುಕ್ರವಾರ

ಹದಿನೆಂಟೂ ಗ್ರೀನ್ ಕತ್ತರಿಸಿ ಆಯಿತು. ಗುಳಿಗಳನ್ನು ನಾನೇ ಕೊರೆದೆ. ಗಾಲಿ ಗುರುತಿನ ಮೇಲೆ ಹೊದಿಸಿದ ಹುಲ್ಲು ಬೇರು ಹಿಡಿದಿದೆ, ಎರಡು ಕೈಯಿಂದ ಎಳೆದರೂ ಬರುವುದಿಲ್ಲ. ಇನ್ನು ಆಕಾಶದ ಮರ್ಜಿ.

ನವೆಂಬರ್ 15, ಶನಿವಾರ

ಬಿಸಿಲು! ಮೊದಲ ದಿನದ ಆಟ ಮುಗಿಯಿತು. ಎರಡೂ ತಂಡ ಸಮಸಮ. ಎದುರಾಳಿ ತಂಡದವರು ಕೆಳಗಿನ ಆರೇ ಚೆನ್ನಾಗಿವೆ ಎಂದರಂತೆ. ಗಡ್ಡ ಈ ಮಾತನ್ನು ಹತ್ತು ಜನಕ್ಕೆ ಹೇಳಿದ, ನನಗೇ ಮೂರು ಸಲ.

ನವೆಂಬರ್ 16, ಭಾನುವಾರ

ಎಲ್ಲಿಂದ ಶುರು ಮಾಡಲಿ?

ಬೆಳಿಗ್ಗೆ ಮೋಡ. ಹನ್ನೊಂದೂವರೆಗೆ, ಕೊನೆಯ ಜೋಡಿ ಹತ್ತನೆಯ ಹೋಲ್ ಮುಗಿಸುತ್ತಿರುವಾಗ, ಆಕಾಶ ಕಳಚಿ ಬಿತ್ತು. ಇಡೀ ಋತುವಿನಲ್ಲಿ ಅಂಥ ಮಳೆ ಕಂಡಿರಲಿಲ್ಲ. ಆಟ ನಿಲ್ಲಿಸಿದರು. ಆಟಗಾರ್ತಿಯರು, ಸಮಿತಿಯವರು, ಆ ತಜ್ಞರು, ಇನ್ನೂರು ಜನ ಪ್ರೇಕ್ಷಕರು, ಎಲ್ಲ ಚಾವಣಿಯಡಿ ನುಗ್ಗಿದರು. ಮೇಸ್ತ್ರಿಗಳು ಎರಡು ಊರುಗೋಲಿನ ಮೇಲೆ ಕಂಬಕ್ಕೊರಗಿ ನಿಂತರು. ಮುಕ್ಕಾಲು ಗಂಟೆ ಸುರಿದು ಒಮ್ಮೆಲೇ ನಿಂತಿತು.

ಮುಖ್ಯ ತೀರ್ಪುಗಾರ್ತಿ ಎತ್ತರದ ಹೆಂಗಸು, ಮಾತು ಕಡಿಮೆ. "ಒಂದೂವರೆಗೆ ಆಟ ಶುರುವಾಗದಿದ್ರೆ ಕತ್ತಲಾಗೋದರೊಳಗೆ ಮುಗಿಯಲ್ಲ. ಪಂದ್ಯ ಬೇರೆ ಕಡೆ ಹಾಕ್ಬೇಕಾಗುತ್ತೆ" ಎಂದರು.

ತಜ್ಞರು ತಲೆಯಾಡಿಸಿ, "ಕೆಳಗೆ ಈಗ ಕೆರೆ ಆಗಿರುತ್ತೆ" ಎಂದರು.

"ನೋಡದೆ ನಾನು ಏನೂ ಹೇಳಲ್ಲ" ಎಂದು ತೀರ್ಪುಗಾರ್ತಿ ಇಳಿದೇಬಿಟ್ಟರು. ಕಾರ್ಯದರ್ಶಿ ಹಿಂದೆ ಓಡಿದರು, ನಾನೂ. ಹದಿಮೂರನೆಯ ಫೇರ್‌ವೇಯಲ್ಲಿ ಅವರು ಹಿಮ್ಮಡಿ ಒತ್ತಿ ನೋಡಿದರು. ಒತ್ತಿದ ಗುರುತಿನಲ್ಲಿ ನೀರು ಜಿನುಗಲಿಲ್ಲ. ಹದಿನಾಲ್ಕನೆಯ ಗ್ರೀನ್ ಮೇಲೆ ಬಗ್ಗಿ ಅಂಗೈ ಇಟ್ಟರು. ಜೇಬಿನಿಂದ ಚೆಂಡು ತೆಗೆದು ಉರುಳಿಸಿದರು. ಚೆಂಡು ಹದಿನೈದು ಹೆಜ್ಜೆ ನೇರ ಓಡಿ, ಗುಳಿಯ ಅಂಚು ಸವರಿಕೊಂಡು ನಿಂತಿತು.

ದಿಬ್ಬದ ಆಚೆಯಿಂದ ಭೋರೆಂಬ ಸದ್ದು ಕೇಳುತ್ತಿತ್ತು. ಮಾವ ಕೊಡೆ ಹಿಡಿದು ಹಳ್ಳದ ದಡದಲ್ಲೇ ನಿಂತಿದ್ದರು, ಮಳೆಯುದ್ದಕ್ಕೂ ಅಲ್ಲೇ ಇದ್ದರಂತೆ. ಕೊಳವೆಯ ಬಾಯಿ ತುಂಬಿ ನೀರು ಮಾರು ದೂರಕ್ಕೆ ಚಿಮ್ಮುತ್ತಿತ್ತು.

"ಈ ಮೈದಾನದ ಮುಖ್ಯಸ್ಥರು ಯಾರು?" ಎಂದು ತೀರ್ಪುಗಾರ್ತಿ ತಿರುಗಿದರು.

ಕಾರ್ಯದರ್ಶಿ, "ಅದು... ನಮ್ಮ ಮೇಸ್ತ್ರಿಗಳಿಗೆ ಕಾಲು..." ಎಂದು ತೊಡಗಿದರು.

"ನಾನು" ಎಂದೆ.

"ಎಷ್ಟು ಹೊತ್ತು ಬೇಕು?"

"ಇಪ್ಪತ್ತೈದು ನಿಮಿಷ. ಇಲ್ಲಿ ಕೆಲಸ ಏನಿಲ್ಲ. ಮೇಲೆ ಹದಿನೇಳು, ಹದಿನೆಂಟನೇ ಗ್ರೀನ್ ಮೇಲೆ ನೀರು ತಳ್ಬೇಕು."

ಮೇಲಿನವುಗಳ ಮೇಲೆ ನೀರು ನಿಂತಿದೆ, ಕೆಳಗೆ ಇಲ್ಲ! ತೀರ್ಪುಗಾರ್ತಿಗೆ ಇದರಲ್ಲೇನೂ ವಿಶೇಷ ಕಾಣಲಿಲ್ಲ. ಗಡಿಯಾರ ನೋಡಿ, "ಒಂದೂಕಾಲಿಗೆ ಆಟ" ಎಂದರು. ತಜ್ಞರು ಮಾತ್ರ ಹುಲ್ಲಿನ ಮೇಲೆ ಮಂಡಿಯೂರಿ ಬೆರಳಿನಿಂದ ಮಣ್ಣು ಕೆದಕಿ ಮೂಸುತ್ತಿದ್ದರು. ಎದ್ದು ಬಂದು ನನಗೆ ಕೈ ಮುಗಿದರು. ಒಳ್ಳೆಯ ಮನುಷ್ಯ.

ಇಡೀ ಪಂದ್ಯ ಕೊನೆಯ ಜೋಡಿಯ ಆಟದ ಮೇಲೇ ನಿಂತಿತ್ತು. ನಮ್ಮ ನಾಯಕಿ ಹದಿನಾರನೆಯ ಗ್ರೀನ್‌ಗೆ ಬಂದಾಗ ಎರಡು ಅಂಕ ಮುಂದಿದ್ದರು. ಚೆಂಡು ಗುಳಿಯಿಂದ ಇಪ್ಪತ್ತು ಹೆಜ್ಜೆ ದೂರ, ಇಳಿಜಾರು ಬೇರೆ. ತಟ್ಟಿದರು. ಚೆಂಡು ಎಡಕ್ಕೆ ಬಾಗಿ, ನಾವು ಕೈಯಾರೆ ಮರಳು ತುಂಬಿದ ಆ ನೆಲದ ಮೇಲೆ ಒಂದು ಕಡೆಯೂ ಕುಪ್ಪಳಿಸದೆ, ಗುಳಿಗೆ ಬಿತ್ತು. ಈಗ ಮೂರು ಅಂಕ ಮುಂದೆ, ಬಾಕಿ ಎರಡೇ ಹೋಲ್, ಎದುರಾಳಿ ಇನ್ನು ಸರಿಗಟ್ಟುವಂತಿಲ್ಲ. ಅಲ್ಲೇ ಗೆದ್ದೆವು, ಅದೂ ಕೆಳಗಿನ ಆರರಲ್ಲೇ.

ನಾಯಕಿ ಕೋಲು ಎಸೆದು ಓಡಿಬಂದು ತಬ್ಬಿಕೊಂಡದ್ದು ನನ್ನನ್ನು. ಆಮೇಲೆ ಏಳೂ ಜನರನ್ನು ಗ್ರೀನ್ ಮೇಲಕ್ಕೆ ಕರೆದರು. ನಾವು ಎಂದೂ ಅಷ್ಟು ಜನರ ಮುಂದೆ ಅಲ್ಲಿ ನಿಂತವರಲ್ಲ, ಜನ ಬರುವ ಮೊದಲೇ ಕೆಲಸ ಮುಗಿಸಿ ಮರೆಯಾಗುವವರು. ಗಡ್ಡ ಬೂಟು ಬಿಚ್ಚಿ ಬರಿಗಾಲಲ್ಲಿ ಬಂದ, ಹುಲ್ಲಿಗೆ ನೋವಾಗಬಾರದೆಂದು. ಇನ್ನೂರು ಜನ ಚಪ್ಪಾಳೆ ತಟ್ಟಿದರು. ಗುಡುಗನಿಗೆ ಆ ಹೊತ್ತಿನಲ್ಲಿ ಸ್ವರವೇ ಹೊರಡಲಿಲ್ಲ.

ಮೇಸ್ತ್ರಿಗಳು ಊರುಗೋಲು ಊರಿಕೊಂಡು ದಿಬ್ಬದವರೆಗೆ ಹೋಗಿ, ಕಲ್ಲುಗಳ ಮೇಲೆ ಕೈಯಾಡಿಸಿ ನೋಡಿದರು. ಆಮೇಲೆ ಕಿಂಡಿಯ ಬಳಿ ಮಾವನ ಪಕ್ಕ ಹೋಗಿ ನಿಂತರು. ಇಬ್ಬರೂ ಬಹಳ ಹೊತ್ತು ನೀರು ನೋಡುತ್ತ ಏನೋ ಮಾತಾಡಿದರು. ನಾನು ಹತ್ತಿರ ಹೋಗಲಿಲ್ಲ.

ಸಂಜೆಯೇ ಸಮಿತಿ ಸೇರಿತು. ಕೆಳಗಿನ ಆರು ಹೋಲ್‌ಗಳು ಇರುತ್ತವೆ. ಏಳೂ ಜನ ಇರುತ್ತಾರೆ.

ನವೆಂಬರ್ 17, ಸೋಮವಾರ

ಕಾರ್ಯದರ್ಶಿ ಪತ್ರ ಕೊಟ್ಟರು. ಮೇಸ್ತ್ರಿಗಳು ಇನ್ನು ಇಳಿಜಾರು ಹತ್ತಿಳಿಯುವ ಕೆಲಸಕ್ಕೆ ಬರುವುದಿಲ್ಲವೆಂದು ತಾವೇ ತಿಳಿಸಿದ್ದಾರೆ, ಆ ಜಾಗಕ್ಕೆ ನನ್ನನ್ನು ನೇಮಿಸಿದ್ದಾರೆ. ನಿಂತಲ್ಲೇ ಓದಿದೆ. ಕುರ್ಚಿ ತೋರಿಸಿದರು. ಕೂತು ಇನ್ನೊಮ್ಮೆ ಓದಿದೆ.

"ಒಪ್ಪಿಗೆ ಸಾರ್. ಆದರೆ ಒಂದು ಸೇರಿಸ್ಬೇಕು. ಹನ್ನೊಂದು, ಹನ್ನೆರಡನೇ ಹೋಲ್ ಕೆಳಗೂ ಹಳೇ ಕೊಳವೆ ಇದ್ದ ಹಾಗಿದೆ. ಅದನ್ನೆಲ್ಲ ಹುಡುಕಿ ನಕ್ಷೆ ಬರೆಯೋಕೆ ವಾರಕ್ಕೆ ಮೂರು ಬೆಳಿಗ್ಗೆ ಒಬ್ಬರು ಬೇಕು."

"ವಯಸ್ಸೆಷ್ಟು?"

"ಎಪ್ಪತ್ತೊಂದು."

ಪೆನ್ನು ತೆಗೆದರು. "ಅನುಭವ?"

"ನಿನ್ನೆ ನೀವೇ ನೋಡಿದ್ರಲ್ಲ ಸಾರ್" ಎಂದೆ. ನಗುತ್ತ ಬರೆದುಕೊಂಡರು.

ಮನೆಗೆ ಬಂದು ಮಾವನಿಗೆ ಹೇಳಿದೆ. ಅವರು ಪತ್ರಿಕೆ ಮಡಚಿಟ್ಟು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡೋದು?"

"ಐದೂವರೆಗೆ ಮಾವ."

"ತಡ ಆಯ್ತಮ್ಮ. ಐದಕ್ಕೆ ಹೊರಡೋಣ."